ಕಿರುಪರಿಚಯದಲ್ಲಿ ಉಳಿಯಬೇಕಾದದ್ದು

24 ಆಗಸ್ಟ್ 2024, ಶನಿವಾರ

ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊತ್ತಮೊದಲ ಟೆಸ್ಟ್ ಪಂದ್ಯವನ್ನೂ ಅದರೊಂದಿಗೆ ಸರಣಿಯನ್ನೂ ಗೆದ್ದದ್ದು 1971ರ ಆಗಸ್ಟ್ 24ರಂದು. ಆ ನೆನಪಿನಲ್ಲಿ ಇಂದು ಆ ಗೆಲುವಿಗೆ ಕಾರಣರಾದ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರ ಕಿರುಪರಿಚಯವನ್ನು ಬರೆದು ಮುಗಿಸಿದೆ. ಇಂಥ ಪರಿಚಯಗಳು ಹೆಚ್ಚಾಗಿ ಹುಟ್ಟಿದ ಊರು, ಇಸವಿ, ಪ್ರಶಸ್ತಿಗಳ ಪಟ್ಟಿಯಲ್ಲೇ ಕಳೆದುಹೋಗುತ್ತವೆ. ಒಬ್ಬರಿಗೆ ಬರೆದದ್ದನ್ನು ಹೆಸರು ಬದಲಿಸಿ ಇನ್ನೊಬ್ಬರಿಗೂ ಹೊಂದಿಸಬಹುದಾದರೆ, ಅದು ಯಾರ ಪರಿಚಯವೂ ಅಲ್ಲವೆಂದೇ ನಾನು ತಿಳಿಯುತ್ತೇನೆ.

1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತು. ಫೀಲ್ಡಿಂಗ್ ಮಾಡುವಾಗ ಎಡಗೈಯಿಂದ ಚೆಂಡೆಸೆಯುತ್ತಿದ್ದ ಅವರು, ಬೌಲಿಂಗಿಗೆ ಮಾತ್ರ ಆ ಸೊರಗಿದ ಬಲಗೈಯನ್ನೇ ನೆಚ್ಚಿಕೊಂಡು, ಲೆಗ್ ಸ್ಪಿನ್ನರುಗಳಲ್ಲಿ ಅಪರೂಪವೆನಿಸುವ ವೇಗದಲ್ಲಿ ಗೂಗ್ಲಿ (ಬ್ಯಾಟ್ಸ್‌ಮನ್ ಎಣಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತ) ಹಾಕುತ್ತಿದ್ದರು. 1971ರ ಆ ಪಂದ್ಯ ನಡೆದದ್ದು ಲಂಡನ್ನಿನ ಓವಲ್ ಮೈದಾನದಲ್ಲಿ. ಅದರ ಮೊದಲ ಇನಿಂಗ್ಸಿನಲ್ಲಿ ಭಾರತ 71 ರನ್ನು ಹಿಂದೆ ಬಿದ್ದಿತ್ತು; ಎರಡನೆಯದರಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಕಟ್ಟಿಹಾಕಿದ್ದರಿಂದಲೇ ಗೆಲುವಿನ ದಾರಿ ತೆರೆಯಿತು. ಆರು ವರ್ಷಗಳ ಬಳಿಕ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸುಗಳಲ್ಲಿ 52 ರನ್ನಿಗೆ 6 ವಿಕೆಟ್ ಪಡೆದರು. ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. 58 ಟೆಸ್ಟುಗಳಲ್ಲಿ ಅವರು ಗಳಿಸಿದ ವಿಕೆಟ್ 242, ರನ್ನು 167. ಈ ಅಂಕಿಗಳನ್ನು ಜನ ತಮಾಷೆಗೆಂದು ಹೇಳುವುದುಂಟು. ನನಗೆ ಅದರಲ್ಲಿ ಕಾಣುವುದು ಬೇರೆ: ಬ್ಯಾಟಿನಿಂದ ಏನನ್ನೂ ನಿರೀಕ್ಷಿಸದೆ, ಬೌಲಿಂಗೊಂದಕ್ಕಾಗಿಯೇ ಅಷ್ಟು ಪಂದ್ಯಗಳಲ್ಲಿ ಅವರನ್ನು ಆಡಿಸಲಾಯಿತು.

ಇಂಥದೇ ಪರಿಚಯ ಬರೆಯಬೇಕಾದ ರಂಗಭೂಮಿಯ ಗುಬ್ಬಿ ವೀರಣ್ಣನವರ ವಿಷಯದಲ್ಲಿ ಕಷ್ಟ ಇನ್ನೊಂದು ಬಗೆಯದು. ಹಾಸ್ಯನಟರಾಗಿ ಹೆಸರಾದ ಅವರು 1884ರಲ್ಲಿ ಆರಂಭವಾದ ನಾಟಕ ಕಂಪನಿಗೆ ಬಾಲನಟರಾಗಿ ಸೇರಿ, ಮುಂದೆ ಅದರ ಒಡೆಯರಾಗಿ, ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆಗಳನ್ನೇ ರಂಗಕ್ಕೆ ತಂದರು. ಆನೆಗಳ ಸಂಗತಿ ಎಷ್ಟು ಆಕರ್ಷಕವೆಂದರೆ, ಅದನ್ನು ಬರೆದ ಮೇಲೆ ಬೇರೇನೂ ಬೇಡವೆನಿಸಿಬಿಡುತ್ತದೆ. ಆದರೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜನೂ ದುಡಿದದ್ದು ಅದೇ ಕಂಪನಿಯಲ್ಲಿ. ಆ ಮುತ್ತುರಾಜ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ರಾಜ್‌ಕುಮಾರ್ ಆದರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಅಲ್ಲಿಂದ ಬಂದವರೇ. ವೀರಣ್ಣನವರ ಬದುಕನ್ನು ಈ ಹೆಸರುಗಳಿಲ್ಲದೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಜಾಗ ಸಾಲದಿದ್ದರೆ ಪ್ರಶಸ್ತಿಗಳ ಸಾಲನ್ನು ತೆಗೆಯುತ್ತೇನೆ.

ಪತ್ರಕರ್ತರ ಸಾಲಿನಲ್ಲಿ ಡಿ.ವಿ. ಗುಂಡಪ್ಪನವರನ್ನು ಆರಿಸಿಕೊಂಡಿದ್ದೇನೆ. ಅವರನ್ನು ‘ಕಗ್ಗ’ದ ಕವಿಯೆಂದಷ್ಟೇ ಬಲ್ಲವರು ಬಹಳ. ಶಾಲೆಯ ಓದು ಪೂರ್ತಿಯಾಗದೆಯೇ ಪತ್ರಿಕಾವೃತ್ತಿಗೆ ಬಂದು, 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿವಿಜಿ ಆ ನೆರಳಿನಲ್ಲಿ ಮರೆಯಾಗುತ್ತಾರೆ. ಸಾರ್ವಜನಿಕ ಸನ್ಮಾನದಲ್ಲಿ ತಮಗೆ ಅರ್ಪಿಸಿದ ನಿಧಿಯನ್ನೂ ಅವರು ಆ ಸಂಸ್ಥೆಗೇ ಕೊಟ್ಟರು. ಅವರ ಪರಿಚಯವನ್ನು ಪತ್ರಿಕೆಯಿಂದಲೇ ಆರಂಭಿಸಿ, ‘ಕಗ್ಗ’ಕ್ಕೆ ಒಂದೇ ವಾಕ್ಯ ಕೊಡುವುದೆಂದು ನಿರ್ಧರಿಸಿದ್ದೇನೆ.