ಪಾಟೀಸವಾಲು ನಡೆಯದ ಮೊಕದ್ದಮೆ

ಅಪಘಾತ ಪರಿಹಾರದ ದಾವೆಗಳಲ್ಲೇ ವಕೀಲಿ ವೃತ್ತಿ ಸವೆಸಿದವನು ನಾನು. ರಾಜಿ ಪತ್ರ ಕೈಗೆ ಬಂದರೆ ಒಟ್ಟು ಮೊತ್ತದತ್ತ ಕಣ್ಣು ಹೋಗುವುದಿಲ್ಲ. ಹಣ ಯಾರಿಗೆ, ಯಾವ ಕಾರಣಕ್ಕೆ ಹೋಗುತ್ತಿದೆ ಎಂದು ಮೊದಲು ಹುಡುಕುತ್ತೇನೆ. 2021ರ ಜನವರಿ 7ರಂದು ಅಮೆರಿಕದ ನ್ಯಾಯ ಇಲಾಖೆ ಮತ್ತು ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ ನಡುವೆ ಆದ ಒಪ್ಪಂದವನ್ನೂ ಹೀಗೆಯೇ ಓದಿದೆ.

ಒಟ್ಟು 250 ಕೋಟಿ ಡಾಲರಿಗೂ ಹೆಚ್ಚು ಎಂದು ಸುದ್ದಿಯಾಗಿತ್ತು. ಬಿಡಿಸಿ ನೋಡಿದರೆ 177 ಕೋಟಿ ವಿಮಾನಯಾನ ಸಂಸ್ಥೆಗಳಿಗೆ, ಅಂದರೆ 737 ಮ್ಯಾಕ್ಸ್ ಕೊಂಡ ಗ್ರಾಹಕರಿಗೆ. 50 ಕೋಟಿ, ಆ ಮಾದರಿಯ ಎರಡು ವಿಮಾನಗಳು ಬಿದ್ದು ಸತ್ತ 346 ಜನರ ವಾರಸುದಾರರಿಗೆ. ದಂಡವೆಂದು ಕಟ್ಟಿದ್ದು 24.36 ಕೋಟಿ. ಈ ಕೊನೆಯ ಸಂಖ್ಯೆ ಎಲ್ಲಿಂದ ಬಂತು ಎಂಬುದು ಒಪ್ಪಂದದಲ್ಲೇ ಇದೆ: ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಬೇಕಿಲ್ಲ ಎಂದು ಸಾಧಿಸಿದ್ದರಿಂದ ಕಂಪನಿಗೆ ಉಳಿತಾಯವಾದ ಹಣದ ಅಂದಾಜು ಅದು. ಉಳಿಸಿದ್ದನ್ನು ಹಿಂದಿರುಗಿಸಿದರೆ ದಂಡ ತೀರಿತು!

ಅಪಘಾತಗಳ ವಿವರ ಬಹಳ ಜನರಿಗೆ ಗೊತ್ತು. 2018ರ ಅಕ್ಟೋಬರ್ 29ರಂದು ಲಯನ್ ಏರ್ ವಿಮಾನ ಜಾವಾ ಸಮುದ್ರಕ್ಕೆ ಬಿತ್ತು, 189 ಸಾವು. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಆಡಿಸ್ ಅಬಾಬಾದಿಂದ ಹೊರಟ ಆರು ನಿಮಿಷಕ್ಕೆ ನೆಲಕ್ಕಪ್ಪಳಿಸಿತು, 157 ಸಾವು. ಎರಡರಲ್ಲೂ ಎಂಸಿಎಎಸ್ ಎಂಬ ಸ್ವಯಂಚಾಲಿತ ನಿಯಂತ್ರಣ ವ್ಯವಸ್ಥೆ ಒಂದೇ ಒಂದು ಸಂವೇದಕದ ತಪ್ಪು ಮಾಹಿತಿಯನ್ನು ನಂಬಿ ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಕ್ಕೆ ದೂಡಿತ್ತು. ಮೊದಲ ವಿಮಾನ ಬಿದ್ದಾಗ ಪೈಲಟ್‌ಗಳ ಕೈಪಿಡಿಯಲ್ಲಿ ಈ ವ್ಯವಸ್ಥೆಯ ವಿವರಣೆಯೇ ಇರಲಿಲ್ಲ.

ಆದರೆ ಕಂಪನಿಯ ಮೇಲೆ ಹೊರಿಸಿದ ಆರೋಪ ಜನರ ಸಾವಿಗೆ ಕಾರಣವಾದದ್ದಲ್ಲ. ಅಮೆರಿಕ ಸರ್ಕಾರವನ್ನು ವಂಚಿಸಲು ಒಳಸಂಚು ಮಾಡಿದ್ದು. ಆರೋಪಪಟ್ಟಿಯ ಪ್ರಕಾರ ಮೋಸಹೋದದ್ದು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ. ಸತ್ತವರ ಮನೆಯವರನ್ನು ಕೇಳದೆಯೇ ಒಪ್ಪಂದವಾಯಿತು. ಕಾನೂನಿನ ಅರ್ಥದಲ್ಲಿ ಅವರು ಈ ಅಪರಾಧದ ಸಂತ್ರಸ್ತರೇ ಅಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ಟೆಕ್ಸಾಸ್‌ನ ನ್ಯಾಯಾಧೀಶ ರೀಡ್ ಓಕಾನರ್ ‘ಅವರೂ ಸಂತ್ರಸ್ತರೇ’ ಎಂದು ಹೇಳುವಷ್ಟರಲ್ಲಿ 2022ರ ಅಕ್ಟೋಬರ್ ಬಂದಿತ್ತು.

ಉಳಿದ ಕಡತಗಳನ್ನು ತೆರೆದರೂ ಇದೇ ಕಥೆ. 2022ರ ಸೆಪ್ಟೆಂಬರಿನಲ್ಲಿ ಷೇರು ನಿಯಂತ್ರಕ ಸಂಸ್ಥೆ ಬೋಯಿಂಗ್‌ನಿಂದ 20 ಕೋಟಿ ಡಾಲರ್, ಮಾಜಿ ಮುಖ್ಯಸ್ಥ ಡೆನಿಸ್ ಮ್ಯುಲೆನ್‌ಬರ್ಗ್ ಅವರಿಂದ 10 ಲಕ್ಷ ಡಾಲರ್ ವಸೂಲಿ ಮಾಡಿತು. ಕಾರಣ, ಹೂಡಿಕೆದಾರರ ದಾರಿ ತಪ್ಪಿಸಿದ್ದು. ತಪ್ಪನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹಣ ಕಟ್ಟಿ ಎದ್ದುಹೋದರು. ಹುದ್ದೆ ಬಿಟ್ಟಾಗ ಅವರ ಕೈಸೇರಿದ್ದು ಸುಮಾರು 6.2 ಕೋಟಿ ಡಾಲರ್ ಎಂಬುದನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ನಿರ್ದೇಶಕ ಮಂಡಳಿಯ ವಿರುದ್ಧ ಷೇರುದಾರರು ಹೂಡಿದ ದಾವೆ 23.75 ಕೋಟಿಗೆ ರಾಜಿಯಾಯಿತು. ನಿಯಂತ್ರಕರು, ಗ್ರಾಹಕರು, ಹೂಡಿಕೆದಾರರು, ಷೇರುದಾರರು: ಅನ್ಯಾಯಕ್ಕೊಳಗಾದವರ ಸಾಲಿನಲ್ಲಿ ಇವರೆಲ್ಲರೂ ಮುಂದೆ. ಕ್ರಿಮಿನಲ್ ವಿಚಾರಣೆಯ ಕಟಕಟೆ ಹತ್ತಿದ್ದು ಒಬ್ಬನೇ ಒಬ್ಬ, ಕಂಪನಿಯ ಮಾಜಿ ತಾಂತ್ರಿಕ ಪೈಲಟ್. 2022ರ ಮಾರ್ಚ್‌ನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ ನಾಗರಿಕರ ಮಂಡಳಿ, ಅವನನ್ನೂ ನಿರ್ದೋಷಿ ಎಂದು ಬಿಟ್ಟಿತು.

ಸಿವಿಲ್ ದಾವೆಗಳಲ್ಲಿ ಕಂಪನಿ ಇಟ್ಟ ನಡೆ ನನ್ನಂಥವರಿಗೆ ಚೆನ್ನಾಗಿ ಪರಿಚಯ. 2021ರ ನವೆಂಬರಿನಲ್ಲಿ ಇಥಿಯೋಪಿಯಾ ಅಪಘಾತಕ್ಕೆ ಸಂಪೂರ್ಣ ಹೊಣೆ ನಮ್ಮದೇ ಎಂದು ಬೋಯಿಂಗ್ ಒಪ್ಪಿಕೊಂಡಿತು. ಪ್ರತಿಯಾಗಿ ಕುಟುಂಬಗಳು ದಂಡರೂಪದ ಪರಿಹಾರ, ಅಂದರೆ ನಷ್ಟದ ಮೇಲೆ ಶಿಕ್ಷೆಯಾಗಿ ಕೊಡಿಸುವ ಹಣ, ಕೇಳುವುದನ್ನು ಕೈಬಿಟ್ಟವು. ಮೇಲುನೋಟಕ್ಕೆ ದೊಡ್ಡ ಮನಸ್ಸು. ನ್ಯಾಯಾಲಯದಲ್ಲಿ ಇದರ ಪರಿಣಾಮವೇ ಬೇರೆ: ಹೊಣೆ ಒಪ್ಪಿದ ಮೇಲೆ ತಪ್ಪನ್ನು ಸಾಬೀತು ಮಾಡುವ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಸಂವೇದಕ ಸಾಕೆಂದು ಯಾರು ತೀರ್ಮಾನಿಸಿದರು, ಯಾವ ಸಭೆಯಲ್ಲಿ, ಯಾರು ಬೇಡವೆಂದರು ಎಂದು ಅಧಿಕಾರಿಗಳನ್ನು ಜ್ಯೂರಿಯ ಮುಂದೆ ನಿಲ್ಲಿಸಿ ಪಾಟೀಸವಾಲು ಮಾಡುವ ಅವಕಾಶ ಅಲ್ಲಿಗೆ ಮುಗಿಯಿತು. ಉಳಿದದ್ದು ಮೊತ್ತದ ಲೆಕ್ಕ. ಪ್ರತಿವಾದಿಯ ವಕೀಲನಾಗಿದ್ದರೆ ನಾನೂ ಇದನ್ನೇ ಸಲಹೆ ಮಾಡುತ್ತಿದ್ದೆ, ಸಂಶಯವಿಲ್ಲ. ಕುಟುಂಬಗಳನ್ನೂ ದೂರಲಾರೆ, ವರ್ಷಗಟ್ಟಲೆ ಕಾಯುವುದು ಎಲ್ಲರಿಗೂ ಸಾಧ್ಯವಿಲ್ಲ.

ನಡೆ ಹೊಸದೂ ಅಲ್ಲ. 1972ರಲ್ಲಿ ಕೆನಡಾದ ವಿಂಡ್ಸರ್ ಮೇಲೆ ಹಾರುತ್ತಿದ್ದ, ಮೆಕ್‌ಡೊನೆಲ್ ಡಗ್ಲಸ್ ಕಂಪನಿಯ ಡಿಸಿ-10 ವಿಮಾನದ ಸರಕು ಬಾಗಿಲು ಕಿತ್ತುಹೋಗಿ, ಅದೃಷ್ಟವಶಾತ್ ಎಲ್ಲರೂ ಬದುಕುಳಿದಿದ್ದರು. ಹೀಗೇ ಬಿಟ್ಟರೆ ವಿಮಾನವನ್ನೇ ಕಳೆದುಕೊಳ್ಳುತ್ತೇವೆ ಎಂದು ಉಪಗುತ್ತಿಗೆ ಕಂಪನಿಯ ಎಂಜಿನಿಯರ್ ಒಬ್ಬರು ತಮ್ಮ ಮೇಲಿನವರಿಗೆ ಬರೆದರು. ಎಫ್‌ಎಎ ಕಡ್ಡಾಯ ಆದೇಶ ಹೊರಡಿಸುವ ಬದಲು ತಯಾರಕರೊಡನೆ ಬಾಯಿಮಾತಿನ ಒಪ್ಪಂದ ಮಾಡಿಕೊಂಡಿತು. 1974ರ ಮಾರ್ಚ್‌ನಲ್ಲಿ ಪ್ಯಾರಿಸ್ ಸಮೀಪದ ಕಾಡಿಗೆ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ಬಿತ್ತು. ಕಾರಣ ಅದೇ ಬಾಗಿಲು. ಅಲ್ಲಿ ಸತ್ತವರೂ 346 ಜನ. ಆ ದಾವೆಯಲ್ಲಿಯೂ ಪ್ರತಿವಾದಿಗಳು ‘ಹೊಣೆಯನ್ನು ಪ್ರಶ್ನಿಸುವುದಿಲ್ಲ’ ಎಂದೇ ಹೇಳಿದರು.

2021ರ ಒಪ್ಪಂದದಂತೆ ಬೋಯಿಂಗ್ ವಿರುದ್ಧದ ಮೊಕದ್ದಮೆಯನ್ನು ತಡೆಹಿಡಿದಿದ್ದ ಮೂರು ವರ್ಷ ಮುಗಿಯಲು ಎರಡು ದಿನ ಇದ್ದಾಗ, 2024ರ ಜನವರಿ 5ರಂದು, ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ ವಿಮಾನದ ಬಾಗಿಲ ಜಾಗದ ಮುಚ್ಚಳ ಆಕಾಶದಲ್ಲೇ ಹಾರಿಹೋಯಿತು. ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. ಬೋಯಿಂಗ್ ಒಪ್ಪಂದ ಮುರಿದಿದೆ ಎಂದಿತು ನ್ಯಾಯ ಇಲಾಖೆ. ಕಂಪನಿ ತಪ್ಪೊಪ್ಪಿಕೊಳ್ಳಲು ಮುಂದೆ ಬಂತು. ಆ ತಪ್ಪೊಪ್ಪಿಗೆಯ ಒಪ್ಪಂದವನ್ನು 2024ರ ಡಿಸೆಂಬರಿನಲ್ಲಿ ಓಕಾನರ್ ತಿರಸ್ಕರಿಸಿದರು. 2025ರಲ್ಲಿ ಮೊಕದ್ದಮೆಯನ್ನೇ ಕೈಬಿಡುವ ಇನ್ನೊಂದು ಒಪ್ಪಂದವಾಯಿತು. ಇದು ಸಾರ್ವಜನಿಕ ಹಿತಕ್ಕೆ ಒಳ್ಳೆಯದೆಂದು ತಮಗನ್ನಿಸುವುದಿಲ್ಲ, ಆದರೆ ತಡೆಯುವ ಅಧಿಕಾರ ತಮಗಿಲ್ಲ ಎಂದು ಹೇಳಿ ಅದೇ ನ್ಯಾಯಾಧೀಶರು ನವೆಂಬರಿನಲ್ಲಿ ಕಡತ ಮುಚ್ಚಿದರು. ಅದೇ ತಿಂಗಳು ಷಿಕಾಗೋದಲ್ಲಿ ಜ್ಯೂರಿಯೊಂದು ಇಥಿಯೋಪಿಯಾ ಅಪಘಾತದ ಒಂದು ಕುಟುಂಬಕ್ಕೆ 2.8 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತು. ಅಲ್ಲಿ ವಿಚಾರಣೆಯಾದದ್ದೂ ಮೊತ್ತದ ಬಗ್ಗೆ ಮಾತ್ರ.

ಹೋಲಿಕೆಗೆ ಫ್ರಾನ್ಸ್ ನೋಡಿ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ 228 ಸಾವುಗಳಿಗೆ ಏರ್‌ಬಸ್ ಮತ್ತು ಏರ್ ಫ್ರಾನ್ಸ್ ಎರಡರ ಮೇಲೂ ನಿರ್ಲಕ್ಷ್ಯದಿಂದ ಜೀವಹಾನಿ ಮಾಡಿದ ಆರೋಪ ಹೊರಿಸಲಾಯಿತು. ಗರಿಷ್ಠ ದಂಡ ಕೇವಲ 2.25 ಲಕ್ಷ ಯೂರೋ. ಆದರೆ 2022ರಲ್ಲಿ ವಾರಗಟ್ಟಲೆ, ಮನೆಯವರ ಎದುರಿಗೇ, ವೇಗ ಅಳೆಯುವ ಪಿಟೋ ನಳಿಕೆಗಳಲ್ಲಿ ಹಿಮ ಕಟ್ಟುತ್ತದೆಂದು ಯಾರಿಗೆ ಯಾವಾಗ ಗೊತ್ತಿತ್ತು ಎಂಬ ಪ್ರಶ್ನೆಗಳಿಗೆ ಎರಡೂ ಕಂಪನಿಗಳು ಪ್ಯಾರಿಸ್ಸಿನ ತೆರೆದ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಇಬ್ಬರೂ ಖುಲಾಸೆಯಾದರು. ಕೊಳೆತ ತೀರ್ಪು ಎಂದು ಬೈದವರಿದ್ದಾರೆ. ಆದರೂ ಅಮೆರಿಕದ ರಾಜಿ, ಪ್ಯಾರಿಸ್ಸಿನ ವಿಚಾರಣೆ ಈ ಎರಡರಲ್ಲಿ ಒಂದನ್ನು ಆರಿಸಿಕೊಡಿ ಎಂದು ನನ್ನ ಕಕ್ಷಿದಾರರು ಕೇಳಿದರೆ ನಾನು ಪ್ಯಾರಿಸ್ಸನ್ನೇ ತೋರಿಸುತ್ತೇನೆ. 2025ರಲ್ಲಿ ಮೇಲ್ಮನವಿಯ ವಿಚಾರಣೆಯಲ್ಲಿ ಅವೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಲಾಯಿತು. ಮೊದಲ ಸಲ ಶಿಕ್ಷೆ ಬೇಡವೆಂದಿದ್ದ ಪ್ರಾಸಿಕ್ಯೂಷನ್, ಈ ಸಲ ಎರಡೂ ಕಂಪನಿಗಳು ತಪ್ಪಿತಸ್ಥರೆಂದು ತೀರ್ಪು ಕೊಡಿ ಎಂದು ಕೇಳಿತು.