ಅರ್ಧಕ್ಕೇ ನಿಲ್ಲುವ ಪಂಪು: ಕ್ಯಾಂಪರ್ ವ್ಯಾನಿನ ಗ್ಯಾಸ್ ಕೆಲಸ ಎಲ್ಲಿಗೆ ಬಂತು

ಕೊನೆಗೂ 32 ಲೀಟರ್ ಎಲ್‌ಪಿಜಿ ಒಳಗೆ ಹೋಯಿತು. ಎರಡೂ ಸಿಲಿಂಡರ್ ತುಂಬಿ, ಪಂಪು ತಾನಾಗಿ ಟಕ್ ಎಂದು ನಿಂತಿತು. ಬ್ರಿಟನ್ನಿನಲ್ಲಿ ಕೂತು ವ್ಯಾನ್ ಕಟ್ಟುತ್ತಿರುವ ಕನ್ನಡಿಗರೇ, ಈ ಕಂತು ಪೂರ್ತಿ ಒಂದೇ ತಕರಾರಿನದು: ಸಿಲಿಂಡರ್ ತುಂಬುವ ಮುಂಚೆಯೇ ಬಂಕಿನ ಪಂಪು ನಿಂತುಬಿಡುವುದು. ಸಿಲಿಂಡರ್ ಇಡುವ ಲಾಕರ್ ಕೊರೆಯುವುದು, ತಳದಲ್ಲಿ ಗಾಳಿಕಿಂಡಿ ಬಿಡುವುದು (ಲಾಕರಿನ ನೆಲದ ಶೇ. 2, ಕನಿಷ್ಠ 100 ಚದರ ಸೆಂ.ಮೀ.), ಪಟ್ಟಿ ಬಿಗಿಯುವುದು ನಿಮಗೆ ಗೊತ್ತಿರುವುದೇ.

ಮೊದಲು ಆಯ್ಕೆಯ ವಿಷಯ ಮುಗಿಸೋಣ. ಖಾಲಿ ಕೊಟ್ಟು ತುಂಬಿದ್ದು ತರುವ ಸಿಲಿಂಡರ್ ಊರೊಳಗೆ ಸರಿ, ಗಡಿ ದಾಟಿದರೆ ಕಷ್ಟ. ಇಲ್ಲಿಯ ಖಾಲಿಯನ್ನು ಫ್ರಾನ್ಸಿನ ಅಂಗಡಿ ಮುಟ್ಟುವುದಿಲ್ಲ, ಪಿಗ್‌ಟೇಲಿನ (ಸಿಲಿಂಡರಿಗೆ ಕಚ್ಚಿಸುವ ಗಿಡ್ಡ ಹೋಸಿನ) ಥ್ರೆಡ್ಡೂ ಬೇರೆ. ತಳದಲ್ಲಿ ಉಳಿದ ಗ್ಯಾಸನ್ನು ಪ್ರತಿ ಸಲ ಅಂಗಡಿಗೆ ದಾನ ಮಾಡುವುದು ಬೇರೆ. ಬಂಕಿನಲ್ಲೇ ಮರುತುಂಬುವ ಹಗುರವಾದ ಕಾಂಪೋಸಿಟ್ (ಫೈಬರಿನ) ಸಿಲಿಂಡರಿನಲ್ಲಿ ಮಟ್ಟ ಕಣ್ಣಿಗೇ ಕಾಣುತ್ತದೆ, ನಿಜ. ಆದರೆ ಹೊರಗೆ ತೆಗೆದು ನೇರವಾಗಿ ಅದಕ್ಕೇ ಪಂಪು ಹಚ್ಚಲು ಎಷ್ಟೋ ಬಂಕಿನವರು ಬಿಡುವುದಿಲ್ಲ. ವ್ಯಾನಿನ ಹೊರಮೈಗೆ ತುಂಬುವ ಬಾಯಿ ಕೂರಿಸಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ಚಾಸಿಯಡಿ ನೇತುಹಾಕುವ ಟ್ಯಾಂಕು ಚೆನ್ನ, ಲಾಕರ್ ಪೂರ್ತಿ ಖಾಲಿಯಾಗುತ್ತದೆ. ನಮ್ಮ ವ್ಯಾನಿನಲ್ಲಿ ಆ ಜಾಗವನ್ನು ಸ್ಟೆಪ್ನಿ ಮತ್ತು ಸೈಲೆನ್ಸರ್ ಹಂಚಿಕೊಂಡಿವೆ.

ಟ್ಯಾಂಕಿಗೇ ಹೋಗುವವರಿಗೆ ಒಂದು ಎಚ್ಚರಿಕೆ. ಕಾರಿನಿಂದ ಕಳಚಿದ ಎಲ್‌ಪಿಜಿ ಟ್ಯಾಂಕು ಅಗ್ಗಕ್ಕೆ ಸಿಗುತ್ತದೆ, ತರಬೇಡಿ. ಬೆಂಗಳೂರಿನ ಎಲ್‌ಪಿಜಿ ಆಟೋ ಇರಲಿ, ಇಲ್ಲಿಯ ಕಾರಿರಲಿ, ಎಂಜಿನ್ನಿನ ಟ್ಯಾಂಕು ತಳದಿಂದ ದ್ರವ ಎತ್ತುತ್ತದೆ. ಒಲೆಗೆ, ಹೀಟರಿಗೆ ಬೇಕಾದದ್ದು ಮೇಲಿನ ಆವಿ. 30 ಮಿಲಿಬಾರ್ ರೆಗ್ಯುಲೇಟರಿಗೆ ದ್ರವ ನುಗ್ಗಿದರೆ ಒಲೆಯ ಜ್ವಾಲೆ ಎಷ್ಟೆತ್ತರ ಏಳುತ್ತದೆಂದು ಪರೀಕ್ಷಿಸಿ ನೋಡುವ ಹುಮ್ಮಸ್ಸು ಯಾರಿಗೂ ಬೇಡ.

ಹೀಗಾಗಿ ಉಳಿದದ್ದು 11 ಕೆಜಿಯದೊಂದು, 6 ಕೆಜಿಯದೊಂದು, ಮರುತುಂಬುವ ಉಕ್ಕಿನ ಸಿಲಿಂಡರ್ ಜೋಡಿ. ಪ್ರೊಪೇನ್ (ಇಲ್ಲಿಯ ಬಂಕಿನ ಎಲ್‌ಪಿಜಿ) ಲೀಟರಿಗೆ ಸುಮಾರು 0.51 ಕೆಜಿ ತೂಗುತ್ತದೆ. ಆ ಲೆಕ್ಕಕ್ಕೆ ದೊಡ್ಡದರಲ್ಲಿ 21, ಚಿಕ್ಕದರಲ್ಲಿ 11-12 ಲೀಟರ್ ಹಿಡಿಯಬೇಕು. ಅಷ್ಟಕ್ಕೆ ಶೇ. 80 ತುಂಬಿ, ಒಳಗೆ ದ್ರವದ ಮೇಲೆ ತೇಲುವ ಫ್ಲೋಟ್ ಬಾಗಿಲು ಮುಚ್ಚುತ್ತದೆ.

ಇನ್ನು ತಕರಾರು. ಪಂಪು ಒಮ್ಮೆ 14 ಲೀಟರಿಗೆ ನಿಲ್ಲುವುದು, ಒಮ್ಮೆ 19ಕ್ಕೆ, ಬಿಸಿಲಿನ ಮಧ್ಯಾಹ್ನ 9ಕ್ಕೇ. ಸಿಲಿಂಡರಿನ ಮೇಲಿನ ಮುಳ್ಳಿನ ಗೇಜನ್ನು ನಂಬುವಂತಿಲ್ಲ, ಅದು ತನಗೆ ತೋಚಿದ್ದು ಹೇಳುತ್ತದೆ. ನಂಬಬೇಕಾದದ್ದು ತೂಕವನ್ನು. ಸಿಲಿಂಡರ್ ಬಿಚ್ಚಿ ತೂಗಿ, ಕಾಲರಿನ ಮೇಲೆ ಕೊರೆದಿರುವ ಖಾಲಿ ತೂಕ ಕಳೆಯಿರಿ. ನಮ್ಮ ತೂಕವೂ ಪಂಪಿನ ಲೀಟರಿಗೆ ಸರಿಹೊಂದಿತು. ಅಂದರೆ ಮೀಟರ್ ಸುಳ್ಳಲ್ಲ, ಗ್ಯಾಸ್ ನಿಜಕ್ಕೂ ಒಳಗೆ ಹೋಗುತ್ತಿರಲಿಲ್ಲ.

ಕೇಳಿದವರೆಲ್ಲ ಕೊಟ್ಟ ಉತ್ತರ ಒಂದೇ: "ಸಿಲಿಂಡರ್ ವಾಲಿದೆ, ಫ್ಲೋಟ್ ಬೇಗ ಏಳುತ್ತಿದೆ." ಲೆಕ್ಕ ಹಾಕಿ ನೋಡಿ. ದೊಡ್ಡ ಸಿಲಿಂಡರಿನ ವ್ಯಾಸ ಸುಮಾರು 30 ಸೆಂ.ಮೀ. ನಾಲ್ಕು ಡಿಗ್ರಿ ವಾಲಿದರೆ, ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಮಟ್ಟ ಏರುವುದು 7 ಮಿ.ಮೀ. ಅದು ಹೆಚ್ಚೆಂದರೆ ಅರ್ಧ ಲೀಟರ್. ಹತ್ತಿಪ್ಪತ್ತು ಲೀಟರಿನ ಕೊರತೆಯನ್ನು ವಾಲಿದ್ದರ ತಲೆಗೆ ಕಟ್ಟಲಾಗದು. (ವಾಲಿದರೂ ಪರವಾಗಿಲ್ಲ ಎಂದಲ್ಲ. ಎದುರು ದಿಕ್ಕಿಗೆ ವಾಲಿದರೆ ಶೇ. 80 ಮೀರುತ್ತದೆ, ಅದು ಅಪಾಯ.)

ಇಲ್ಲಿ ಕೆಲಸಕ್ಕೆ ಬರುವ ಗುರುತು ಒಂದಿದೆ. ಪ್ರತಿ ಸಲ ಒಂದೇ ಅಂಕಿಗೆ ಟಕ್ ಎಂದು ನಿಂತರೆ ಫ್ಲೋಟಿನ ತೊಂದರೆ. ಒಂದೊಂದು ಸಲ ಒಂದೊಂದು ಅಂಕಿಗೆ, ತೆವಳಿ ತೆವಳಿ ನಿಂತರೆ ಹರಿವಿನ ತೊಂದರೆ. ನಮ್ಮದು ತೆವಳುತ್ತಿತ್ತು.

ಹರಿವನ್ನು ತಡೆಯುವವು ಎರಡು: ಒತ್ತಡ ಮತ್ತು ಇಕ್ಕಟ್ಟು. ನೆಲದಡಿಯ ಟ್ಯಾಂಕಿನಲ್ಲಿ 10 ಡಿಗ್ರಿಯ ಪ್ರೊಪೇನಿನ ಒತ್ತಡ 5.4 ಬಾರ್ ಆಸುಪಾಸು. ಬಿಸಿಲಿಗೆ ಕಾದು 35 ಡಿಗ್ರಿಯಾದ ಲಾಕರಿನಲ್ಲಿ ಅದೇ ಗ್ಯಾಸು 11 ಬಾರ್. ಈ ಅಂತರವನ್ನೆಲ್ಲ ಪಂಪೇ ಎತ್ತಬೇಕು, ಮುದಿ ಪಂಪು ಏದುಸಿರು ಬಿಡುತ್ತದೆ. ಹಾಗಾಗಿ ಬೆಳಿಗ್ಗೆ ತುಂಬಿಸಿ, ಲಾಕರ್ ನೆರಳಿಗೆ ಬರುವಂತೆ ನಿಲ್ಲಿಸಿ. ಹಿಂದಿನ ರಾತ್ರಿ ಹೀಟರ್ ಓಡಿಸಿದ್ದರೆ ಇನ್ನೂ ಒಳ್ಳೆಯದು, ಆವಿಯಾಗುತ್ತಾ ದ್ರವ ತಾನೇ ತಣ್ಣಗಾಗಿರುತ್ತದೆ. ಇದರಿಂದ 9 ಇದ್ದದ್ದು 19ಕ್ಕೆ ಏರಿತು. 32 ಆಗಲಿಲ್ಲ.

ಹಾಗಾದರೆ ಇಕ್ಕಟ್ಟು ಎಲ್ಲಿ? ತುಂಬುವ ಬಾಯಿಯ ಹಿಂದಿನ ಜಾಲರಿ ಸ್ವಚ್ಛವಾಗಿತ್ತು. ಹೋಸು ತಿರುಚಿರಲಿಲ್ಲ. ಉಳಿದದ್ದು ಎರಡೂ ಸಿಲಿಂಡರಿಗೆ ಕವಲೊಡೆಯುವ ಟೀ (T ಆಕಾರದ ಜೋಡಣೆ). ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವುದಿಲ್ಲ! ಒಳಗೆ ಸ್ಪ್ರಿಂಗ್ ಹಾಕಿದ ನಾನ್-ರಿಟರ್ನ್ ವಾಲ್ವೊಂದು (ಗ್ಯಾಸು ಹಿಂದಕ್ಕೆ ಹರಿಯದಂತೆ ತಡೆಯುವಂಥದು) ಕೂತಿದೆ. ತುಂಬುವ ಬಾಯಲ್ಲಿ ಅಂಥದೊಂದು ಇದ್ದೇ ಇದೆ, ಪ್ರತಿ ಸಿಲಿಂಡರಿನ ತುಂಬುವ ವಾಲ್ವಿನಲ್ಲೂ ಇದೆ. ಸಾಲಿನಲ್ಲಿ ಇದು ಮೂರನೆಯದು. ಕಿಟ್ಟಿನ ಚಿತ್ರದಲ್ಲಿಲ್ಲ, ಚೀಟಿಯಲ್ಲೂ ಇಲ್ಲ. ಮಾರಿದವರನ್ನು ಕೇಳಿದ್ದಕ್ಕೆ "ಅದು ಹೆಚ್ಚುವರಿ ಸುರಕ್ಷತೆ, ಅದಕ್ಕೆ ದುಡ್ಡು ತೆಗೆದುಕೊಂಡಿಲ್ಲ" ಎಂಬ ಉತ್ತರ ಬಂತು. ಉಪಕಾರವೇ ಸರಿ.

ವಾಲ್ವಿಲ್ಲದ ಟೀ ಹಾಕಿದ್ದಾಯಿತು, 32 ಲೀಟರ್ ಹೋದದ್ದು ಆಮೇಲೆಯೇ. ಸಿಲಿಂಡರಿನ ಸ್ವಂತ ವಾಲ್ವುಗಳು ಇರುವುದರಿಂದ ಗ್ಯಾಸು ಒಂದರಿಂದ ಇನ್ನೊಂದಕ್ಕೆ ತುಂಬುವ ದಾರಿಯಲ್ಲಿ ಮರಳುವುದಿಲ್ಲ. ಹೀಗೆ ಬದಲಿಸುವ ಮುಂಚೆ ನಿಮ್ಮ ಸಿಲಿಂಡರಿನಲ್ಲಿ ಆ ವಾಲ್ವು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಸಿಲಿಂಡರಿನ ಔಟ್‌ಲೆಟ್ ಎಡ ಥ್ರೆಡ್ಡಿನದು. ಬಿಗಿತ ಕೂರುವುದು ಮುಖದ ಮೇಲೆ ಅಥವಾ ವಾಷರಿನ ಮೇಲೆ, ಥ್ರೆಡ್ಡಿನ ಮೇಲಲ್ಲ. ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಬೇಡಿ, ತುಣುಕು ಕಿತ್ತು ರೆಗ್ಯುಲೇಟರ್ ಸೇರುತ್ತದೆ. ಸೋರಿಕೆ ನೋಡಲು ಪಾತ್ರೆ ತೊಳೆಯುವ ಸೋಪಿಗಿಂತ ಲೀಕ್ ಸ್ಪ್ರೇ ಮೇಲು. ಅಮೋನಿಯಾ ಇರುವ ಯಾವುದೂ ಹಿತ್ತಾಳೆಯ ಹತ್ತಿರ ಬರಕೂಡದು. ಕೊನೆಯ ತಪಾಸಣೆ ಎಲ್‌ಪಿಜಿ ಅರ್ಹತೆಯಿರುವ ಗ್ಯಾಸ್ ಸೇಫ್ (ಬ್ರಿಟನ್ನಿನ ಅಧಿಕೃತ ಗ್ಯಾಸ್ ನೋಂದಣಿ) ಎಂಜಿನಿಯರರದು.

ತುಂಬಿದ ಮೇಲೂ ಒಂದು ಕಿರಿಕಿರಿ ಉಂಟು. ಎರಡೂ ಸಿಲಿಂಡರಿನ ಆವಿಯ ವಾಲ್ವು ತೆರೆದೇ ಬಿಟ್ಟು, ಒಂದಕ್ಕೆ ಮಾತ್ರ ಬಿಸಿಲು ಬಿದ್ದರೆ, ಬಿಸಿಯಾದದ್ದರ ಆವಿ ತಣ್ಣಗಿನದಕ್ಕೆ ಸರಿದು ಅಲ್ಲಿ ದ್ರವವಾಗುತ್ತದೆ. ಆಗ ಶೇ. 80ರ ಲೆಕ್ಕ ಕೆಟ್ಟಿತು. ಪಿಗ್‌ಟೇಲಿನ ತುದಿಯಲ್ಲಿ ಹಿಮ್ಮುಖ ತಡೆ ಇಲ್ಲದಿದ್ದರೆ ಒಂದನ್ನೇ ತೆರೆಯಿರಿ. ಆ ಮೂರನೇ ವಾಲ್ವಿನ ಕಾಳಜಿಯನ್ನು ಮಾರಿದವರು ಇಲ್ಲಿ ತೋರಿಸಬಹುದಿತ್ತು.

ಯುರೋಪಿಗೆ ಹೊರಟರೆ ಪಂಪಿನ ಮೂತಿ ಬೇರೆ ಬೇರೆ: ಜರ್ಮನಿ, ಬೆಲ್ಜಿಯಂಗೆ ಆಕ್ಮೆ ಅಡಾಪ್ಟರ್, ಫ್ರಾನ್ಸ್, ಇಟಲಿಗೆ ಡಿಶ್, ಸ್ಪೇನಿಗೆ ಯೂರೋ ನಾಜಲ್ ಬೇಕು. ಇಲ್ಲಿಯ ಬಯೋನೆಟ್ ಬಾಯಿ ಅಲ್ಲಿ ಕೂರುವುದಿಲ್ಲ. ದಕ್ಷಿಣದಲ್ಲಿ ಬೇಸಿಗೆಯಲ್ಲಿ ತುಂಬಿದ್ದರಲ್ಲಿ ಬ್ಯೂಟೇನ್ ಹೆಚ್ಚಿರುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದೇ ಇಲ್ಲ, ಆಲ್ಪ್ಸ್ ಏರುವ ಮುನ್ನ ಉರಿಸಿ ಮುಗಿಸಿ. ಬಂಕಿಗೆ ಹೋಗುವ ಮುಂಚೆ ಫ್ರಿಜ್ಜಿನ ಜ್ವಾಲೆ ಆರಿಸಿ. ತಾನಾಗಿ ಹೊತ್ತಿಕೊಳ್ಳುವ ಫ್ರಿಜ್ಜಿದ್ದರೆ ಪೂರ್ತಿ ಆಫ್ ಮಾಡಿ.

ಫ್ರಿಜ್ ಎಂದಾಗ ನೆನಪಾಯಿತು, ಮುಂದಿನ ಕೆಲಸ ಅದೇ. ಗ್ಯಾಸ್ ಫ್ರಿಜ್ ಕಿತ್ತು 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಕೂರಿಸಿದರೆ ದಿನಕ್ಕೆ 300-400 ಗ್ರಾಂ ಗ್ಯಾಸ್ ಉಳಿಯುತ್ತದೆ. ಆಗ 6 ಕೆಜಿಯ ಸಿಲಿಂಡರನ್ನೂ ಇಳಿಸಬಹುದು, ಅದರ ಜಾಗಕ್ಕೆ ಲಿಥಿಯಂ ಬ್ಯಾಟರಿ ಅಂತೂ ಬರುವಂತಿಲ್ಲ, ಗ್ಯಾಸ್ ಲಾಕರಿನಲ್ಲಿ ಕಿಡಿ ಹಾರುವ ಯಾವುದೂ ಇರಕೂಡದು. ಊರಿನಲ್ಲೊಂದು ಟೆಂಪೋ ಟ್ರಾವೆಲರ್ ಕಟ್ಟುವ ಯೋಚನೆಯೂ ಇದೆ. ಅಲ್ಲಿ ಆಟೋ ಬಂಕಿನಲ್ಲಿ ಸಿಲಿಂಡರ್ ತುಂಬಿಸುವುದು ಕಾನೂನುಬಾಹಿರ. ಹಾಗಾಗಿ 5 ಕೆಜಿಯ ಛೋಟು ಸಿಲಿಂಡರ್, ಇಂಡಕ್ಷನ್ ಒಲೆ, ಛಾವಣಿ ತುಂಬ ಸೋಲಾರ್. ಈ ಸಲ ಟೀ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡಲಾಗುವುದು.