ಅವಲಾಂಚಿಗೆ ಹೋಗ್ತೀರಾ? ಮುಂದಿನ ಸೀಟು ಅವ್ವನಿಗೆ ಬಿಡಿ

ಊಟಿಯಲ್ಲಿ ಯಾರಾದರೂ ಗಾಡಿ ಪಕ್ಕ ಬಂದು "ನ್ಯಾಷನಲ್ ಪಾರ್ಕ್ ಒಳಗೆ ಆಫ್ ರೋಡ್ ಜೀಪ್, ಬರ್ತೀರಾ?" ಅಂದರೆ ಸುಮ್ನೆ ಮುಂದೆ ಹೋಗಿ. ನಾವು ನಿಂತೆವು. ಮುಕುರ್ತಿ ತೋರಿಸ್ತೀನಿ ಅಂದವನು ಟೀ ತೋಟದ ಹಿಂದೆ, ನೀಲಗಿರಿ ತೋಪಿನ ನಡುವೆ ಎರಡು ಗಂಟೆ ಕುಲುಕಿಸಿ, ಒಂದು ಗುಡ್ಡದ ಮೇಲೆ ನಿಲ್ಲಿಸಿ "ಅದೇ ಮುಕುರ್ತಿ" ಎಂದು ದೂರದ ಮೋಡಕ್ಕೆ ಬೆರಳು ತೋರಿಸಿದ. ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, 78 ಚದರ ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ಕಾಲಿಡುವ ಹಾಗಿಲ್ಲ. ಬಾಡಿಗೆ ಜೀಪಿನ ಮಾತಂತೂ ದೂರವೇ ಉಳಿಯಿತು.

ಅದೇ ತರದ ಬೆಟ್ಟ, ಅದೇ ತರದ ಹುಲ್ಲು, ಅದೇ ತರದ ಶೋಲಾ ಕಾಡು ನೋಡಲು ನೇರ ದಾರಿ ಒಂದಿದೆ: ಅವಲಾಂಚಿ. ಊಟಿಯಿಂದ ಸುಮಾರು 28 ಕಿಲೋಮೀಟರ್. ಅಲ್ಲಿಯ ಗೇಟಿನಿಂದ ಇಲಾಖೆಯೇ ತನ್ನ ಜೀಪು ಮತ್ತು ಮಿನಿ ಬಸ್ಸುಗಳಲ್ಲಿ ಜನರನ್ನು ಒಳಗೆ ಕರೆದೊಯ್ಯುತ್ತದೆ. ಮರುದಿನ ನಾವು ಹೋಗಿದ್ದು ಅಲ್ಲಿಗೇ.

ನಾವು ತಮಿಳುನಾಡಿನ ಗಡಿಯೂರು ತಾಳವಾಡಿಯವರು. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಹಾದು ಊಟಿ ಸೇರಿದೆವು. ಗಾಡಿಗೆ ತಮಿಳುನಾಡು ನಂಬರೇ ಇದೆಯಲ್ಲ, ನಮಗ್ಯಾಕೆ ಇ-ಪಾಸ್ ಅಂದುಕೊಂಡಿದ್ದೆ. ತಪ್ಪು. 2024ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಯ ಟಿಎನ್ 43 ಗಾಡಿಗಳನ್ನು ಬಿಟ್ಟು ಉಳಿದವರೆಲ್ಲ ಆನ್‌ಲೈನ್‌ನಲ್ಲಿ ಪಾಸ್ ಮಾಡಿಸಬೇಕು. ಚೆಕ್‌ಪೋಸ್ಟಿನಲ್ಲಿ ಗಾಡಿ ಪಕ್ಕಕ್ಕೆ ಹಾಕಿ, ಸಿಗ್ನಲ್ ಹುಡುಕುತ್ತಾ ಫೋನ್ ಮೇಲೆತ್ತಿ ನಿಂತಿದ್ದು ನಾನೊಬ್ಬನೇ ಅಲ್ಲ ಅನ್ನೋದೇ ಸಮಾಧಾನ. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಅಲ್ಲೇ ಕಿತ್ತುಕೊಳ್ಳುತ್ತಾರೆ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಬೆಳಿಗ್ಗೆ ಎಂಟಕ್ಕೆ ಊಟಿ ಬಿಟ್ಟೆವು. ಜನವರಿ ಕೊನೆಯ ವಾರ. ದಾರಿ ಬದಿಯ ಕ್ಯಾರೆಟ್ ಹೊಲಗಳ ಮೇಲೆ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಗೇಟಿಗೆ ಬೇಗ ಹೋದಷ್ಟೂ ಒಳ್ಳೆಯದು. ಹತ್ತು ಗಂಟೆ ದಾಟಿದರೆ ಸಾಲು ಬೆಳೆಯುತ್ತದೆ, ಮಧ್ಯಾಹ್ನದ ಮೇಲೆ ಮಂಜು ಕವಿಯುತ್ತದೆ. ಬಸ್ಸಿಗೆ ತಲೆಗಿಷ್ಟು, ಜೀಪಿಗೆ ಇಡೀ ಗಾಡಿಗಿಷ್ಟು ಎಂದು ದುಡ್ಡು. ನಾಲ್ಕು ಜನ ಮೇಲಿದ್ದರೆ ಜೀಪೇ ಹಿಡಿಯಿರಿ, ಬಸ್ಸಿನಲ್ಲಿ ಕಿಟಕಿ ಸಿಗದವರಿಗೆ ಮುಂದಿನವರ ತಲೆಯೇ ಕಾಡು.

ನಮ್ಮ ಡ್ರೈವರ್ ಅಣ್ಣ ನೀಲಗಿರಿಯ ಬಡಗ ಜನಾಂಗದವರು, ಗೈಡೂ ಅವರೇ. ನಾವು ಕನ್ನಡ, ಅವರು ಬಡಗ ಮಾತು, ಹತ್ತು ನಿಮಿಷದಲ್ಲಿ ಎರಡೂ ಬೆರೆತು ಒಂದಾಯಿತು. ಅವರಲ್ಲಿ ಊರಿಗೆ ಹಟ್ಟಿ ಅಂತಾರೆ, ಬೆಟ್ಟಕ್ಕೆ ಬೆಟ್ಟ ಅಂತಲೇ. ನಮ್ಮವ್ವ ಹಿಂದಿನ ಬಾಗಿಲಿಗೆ ಕೈ ಹಾಕಿದಾಗ ತಡೆದರು. "ಅವ್ವ, ನೀವು ಮುಂದೆ ಬನ್ನಿ. ಹಿಂದೆ ಎತ್ತಿ ಎತ್ತಿ ಹಾಕ್ತದೆ."

ಹಾಕಿತು! ಹಿಂದೆ ಅಡ್ಡ ಸೀಟಿನಲ್ಲಿ ಕೂತಿದ್ದ ನನ್ನ ಮತ್ತು ಭಾವನ ತಲೆ ಮೂರು ಸಲ ಮೇಲಿನ ಕಂಬಿಗೆ ಬಡಿಯಿತು. ಟಾರು ಮುಗಿದ ಮೇಲೆ ಬರೀ ಕಲ್ಲು, ಮಳೆನೀರು ಕೊರೆದ ಕೊರಕಲು. 2019ರ ಆಗಸ್ಟ್‌ನಲ್ಲಿ ಇಲ್ಲಿ ಒಂದೇ ದಿನ 80 ಸೆಂಟಿಮೀಟರ್‌ಗೂ ಜಾಸ್ತಿ ಮಳೆ ಸುರಿದಿತ್ತು, ದಾರಿ ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ. ಬೆನ್ನು ನೋವಿನವರು, ಬಸುರಿಯರು ಖಂಡಿತ ಬೇಡ. ವಾಂತಿ ಬರುವವರು ಇಡ್ಲಿಯನ್ನು ಎರಡಕ್ಕೇ ನಿಲ್ಲಿಸಿ. ಜೋರು ಮಳೆಗಾಲದಲ್ಲಿ ಗೇಟನ್ನೇ ಮುಚ್ಚುತ್ತಾರೆ, ಜೂನ್‌ನಿಂದ ಆಗಸ್ಟ್‌ವರೆಗೆ ಯೋಜನೆ ಹಾಕಲೇಬೇಡಿ.

ಕಾಡಿನ ನಡುವೆ ಭವಾನಿ ಅಮ್ಮನ ಪುಟ್ಟ ಗುಡಿ ಇದೆ, ಅಲ್ಲಿ ಐದು ನಿಮಿಷ ಸಾಕು. ನಿಲ್ಲಬೇಕಾದದ್ದು ಕಾಲಿಫ್ಲವರ್ ಶೋಲಾ ಎಂದು ಕರೆಯುವ ತಿರುವಿನಲ್ಲಿ. ಮೇಲಿನಿಂದ ನೋಡಿದರೆ ಮರಗಳ ನೆತ್ತಿಗಳು ಒಂದಕ್ಕೊಂದು ಒತ್ತಿಕೊಂಡು ಥೇಟ್ ಹೂಕೋಸು. ಒಂದು ನೆತ್ತಿ ಕಡು ಹಸಿರು, ಪಕ್ಕದ್ದು ಚಿಗುರೊಡೆದು ತಾಮ್ರದ ಬಣ್ಣ, ಇನ್ನೊಂದು ಬೂದು. ಕಣಿವೆಯ ಮಡಿಕೆಯಲ್ಲಿ ಮಾತ್ರ ಕಾಡು, ಮೇಲೆಲ್ಲ ಬೋಳು ಹುಲ್ಲು. ಯಾರೋ ಕತ್ತರಿಸಿ ಬಿಟ್ಟಂತೆ ಗೆರೆ. "ಮೇಲೆ ಯಾಕಪ್ಪ ಮರ ಇಲ್ಲ?" ಅಂತ ಅವ್ವ ಕೇಳಿದಳು. ಡ್ರೈವರ್ ಅಣ್ಣ ಬೆಳಿಗ್ಗೆ ನಾವು ಕಂಡ ಇಬ್ಬನಿಯನ್ನೇ ನೆನಪಿಸಿದರು. ಬಯಲಿನಲ್ಲಿ ಅದು ಸಸಿಯನ್ನು ಸುಟ್ಟು ಹಾಕುತ್ತದೆ, ಮಡಿಕೆಯಲ್ಲಿ ದೊಡ್ಡ ಮರಗಳ ಕೆಳಗೆ ಸಸಿ ಉಳಿಯುತ್ತದೆ. ಬ್ರಿಟಿಷರು ತಂದ ವ್ಯಾಟಲ್ ಮರಕ್ಕೆ ಮಾತ್ರ ಈ ಲೆಕ್ಕ ಇಲ್ಲ. ತೊಗಟೆಯಿಂದ ಚರ್ಮ ಹದ ಮಾಡಬಹುದೆಂದು ನೆಟ್ಟರು, ಈಗ ಅದು ಹುಲ್ಲುಗಾವಲನ್ನು ನುಂಗುತ್ತಿದೆ.

ಇಲ್ಲಿ ಎಂಜಿನ್ ಆಫ್ ಮಾಡಿಸಿ, ಕೇಳಿದರೆ ಮಾಡುತ್ತಾರೆ. ನಮಗೆ ಗಾಳಿ ಬಿಟ್ಟರೆ ಏನೂ ಕೇಳಿಸಲಿಲ್ಲ. ಭಾವನೂ ಐದು ನಿಮಿಷ ಬಾಯಿ ಮುಚ್ಚಿದ್ದ, ಅಪರೂಪ.

ಪ್ರಾಣಿ ಎಂದು ಆಸೆ ಇಟ್ಟುಕೊಂಡು ಹೋಗಬೇಡಿ. ನಮಗೆ ಸಿಕ್ಕಿದ್ದು ಒಂದು ಕಡವೆ, ಅದೂ ಬೆನ್ನು ತಿರುಗಿಸಿ. ತಮಿಳುನಾಡಿನ ರಾಜ್ಯ ಪ್ರಾಣಿ ವರೆಯಾಡು, ಅಂದರೆ ನೀಲಗಿರಿ ತಾರ್, ಇದೇ ಸೀಮೆಯ ಬಂಡೆಗಳದ್ದು, ಆದರೂ ಮುಖ ತೋರಿಸಲಿಲ್ಲ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಜನವರಿಯಲ್ಲಿ ರೋಡೋಡೆಂಡ್ರನ್ ಕೆಂಪಗೆ ಅರಳಿರುತ್ತದೆ, ಅದಕ್ಕೆ ಬೈನಾಕ್ಯುಲರ್ ಬೇಡ. ಕುರಿಂಜಿ ಬೇಕೆಂದರೆ ಕಾಯಬೇಕು: 12 ವರ್ಷಕ್ಕೊಮ್ಮೆ ಅರಳುವ ಅದು 2018ರಲ್ಲಿ ಅರಳಿತ್ತು, ಮುಂದೆ 2030.

ಕೊನೆಯ ನಿಲುಗಡೆ ಲಕ್ಕಿಡಿ. ಕೆಳಗೆ ಮೇಲ್ಭವಾನಿ ಜಲಾಶಯದ ಹಿನ್ನೀರು, ನೀಲಿ ತಗಡಿನ ಹಾಗೆ. ಇದೇ ಭವಾನಿ ಹೊಳೆ ಕೇರಳಕ್ಕೆ ಇಳಿದು, ಮತ್ತೆ ತಮಿಳುನಾಡಿಗೆ ತಿರುಗಿ ಭವಾನಿಸಾಗರ ಸೇರುತ್ತದೆ ಅಂದೆ. ನಮ್ಮವ್ವ ಪ್ರತಿ ಸಲ ಸತ್ಯಮಂಗಲಕ್ಕೆ ಘಾಟಿ ಇಳಿಯುವಾಗ ಬಸ್ಸಿನಿಂದ ಆ ಅಣೆಕಟ್ಟಿನ ದಿಕ್ಕಿಗೆ ಕೈ ಮುಗಿಯುವವಳು. ಸೆರಗು ತಲೆಗೆ ಎಳೆದುಕೊಂಡು ಇಲ್ಲೂ ಮುಗಿದಳು. "ಇಷ್ಟು ತಣ್ಣಗಿರೋದು ನಮ್ಮ ಸೀಮೆಗೆ ಬರೋ ಹೊತ್ತಿಗೆ ಬಿಸಿ ಆಗ್ಬುಡ್ತದೆ" ಅಂದಳು.

ಈ ಸುತ್ತಿಗೆ ನಮಗೆ ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಒಳಗೆ ಶೌಚಾಲಯ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ, ಎರಡನ್ನೂ ಗೇಟಿಗೆ ಹೋಗುವ ಮೊದಲೇ ಮುಗಿಸಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಿ. ನಾವು ಚಿತ್ರಾನ್ನ ತಿಂದದ್ದು ಹೊರಗೆ ಬಂದ ಮೇಲೆ, ಗಾಡಿ ಪಕ್ಕದಲ್ಲಿ ನಿಂತೇ. ಅದೇ ದಿನ ವಾಪಸ್ ಹೊರಡುವವರು ಮೂರಕ್ಕೆಲ್ಲ ಊಟಿ ದಾಟಿರಿ. ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿಯಲ್ಲಿ ಹೊರಗಿನ ಗಾಡಿ ಇಳಿಯಲು ಬಿಡುವುದಿಲ್ಲ, ಗೂಡಲೂರು ಸುತ್ತಿಯೇ ಹೋಗಬೇಕು. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಬಿದ್ದರೆ ಬೆಳಿಗ್ಗೆ ಆರರವರೆಗೆ ಏಳುವುದಿಲ್ಲ. ನಾವು ಎಂಟೂವರೆಗೆ ದಾಟಿದೆವು. ಅವ್ವ ಅಷ್ಟೊತ್ತಿಗೆ ಮುಂದಿನ ಸೀಟಿನಲ್ಲೇ ನಿದ್ದೆ ಹೋಗಿದ್ದಳು.